ಕ್ರೀಡಾಪಟುವಿನ ಆಹಾರದಲ್ಲಿ ಕಾರ್ಬೋಹೈಡ್ರೇಟ್, ಪ್ರೋಟೀನ್ ಮತ್ತು ಕೊಬ್ಬು: ಲೆಕ್ಕ ಹಾಕಿ ಹೊಂದಿಸಿಕೊಳ್ಳುವ ಕ್ರಮ

ಕ್ರೀಡಾಪಟುವಿನ ಆಹಾರದ ಮಾತು ಬಂದಾಗ ಸಾಮಾನ್ಯವಾಗಿ ಮೊದಲು ಕೇಳಿಬರುವುದು ಶೇಕಡಾವಾರು ಸೂತ್ರ: ಕಾರ್ಬೋಹೈಡ್ರೇಟ್ ಶೇ 60, ಪ್ರೋಟೀನ್ ಶೇ 15, ಕೊಬ್ಬು ಶೇ 25. ನೆನಪಿಡಲು ಇದು ಸುಲಭ. ಆದರೆ ಇದನ್ನೇ ನೆಚ್ಚಿಕೊಂಡು ಊಟ ಹೊಂದಿಸಲು ಹೊರಟವರು ಬೇಗನೆ ದಾರಿ ತಪ್ಪುತ್ತಾರೆ. ದಿನಕ್ಕೆ 1,600 ಕಿಲೋಕ್ಯಾಲೊರಿ ತಿನ್ನುವವರಿಗೆ ಶೇ 60 ಎಂದರೆ 240 ಗ್ರಾಂ ಕಾರ್ಬೋಹೈಡ್ರೇಟ್. 3,500 ಕಿಲೋಕ್ಯಾಲೊರಿ ತಿನ್ನುವವರಿಗೆ ಅದೇ ಶೇ 60 ಎಂದರೆ 525 ಗ್ರಾಂ. ಇಬ್ಬರ ದೇಹತೂಕ ಒಂದೇ ಆಗಿದ್ದು, ಇಬ್ಬರೂ ಒಂದೇ ಬಗೆಯ ಕಠಿಣ ಅಭ್ಯಾಸ ಮಾಡುತ್ತಿದ್ದರೆ, ಮೊದಲನೆಯವರ ಸ್ನಾಯುಗಳಿಗೆ ಬೇಕಾದ ಇಂಧನದ ಅರ್ಧವೂ ಸಿಗುವುದಿಲ್ಲ. ಸೂತ್ರ ಮಾತ್ರ ಎಲ್ಲವೂ ಸರಿಯಾಗಿದೆ ಎಂದೇ ತೋರಿಸುತ್ತಿರುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಲೆಕ್ಕವನ್ನು ದೇಹತೂಕದ ಪ್ರತಿ ಕಿಲೋಗೆ ಇಷ್ಟು ಗ್ರಾಂ ಎಂಬ ಕ್ರಮದಲ್ಲಿ ಮಾಡಲಾಗಿದೆ. ಪ್ರೋಟೀನನ್ನು ಪ್ರತಿದಿನವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರಿಸಿಕೊಳ್ಳುವುದು, ಕಾರ್ಬೋಹೈಡ್ರೇಟನ್ನು ಆಯಾ ದಿನದ ಅಭ್ಯಾಸಕ್ಕೆ ತಕ್ಕಂತೆ ಏರಿಳಿಸುವುದು, ಕೊಬ್ಬಿಗೆ ಒಂದು ಕನಿಷ್ಠ ಮಿತಿ ಹಾಕಿಕೊಂಡು ಉಳಿದ ಶಕ್ತಿಯನ್ನು ಅದರಿಂದ ತುಂಬಿಕೊಳ್ಳುವುದು: ಮುಂದಿನ ಹೆಜ್ಜೆಗಳೆಲ್ಲ ಈ ಮೂರು ಮಾತುಗಳ ವಿವರಣೆಯೇ. ಇಲ್ಲಿರುವ ಅಂಕಿಗಳು ಆರೋಗ್ಯವಂತ ವಯಸ್ಕ ಕ್ರೀಡಾಪಟುಗಳಿಗೆ ಅನ್ವಯಿಸುತ್ತವೆ. ಬೆಳೆಯುವ ವಯಸ್ಸಿನವರು, ಗರ್ಭಿಣಿಯರು, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಹಾಗೂ ಆಹಾರತಜ್ಞರ ಸಲಹೆ ಪಡೆದೇ ಮುಂದುವರಿಯಬೇಕು.

ಮೂರರ ಕೆಲಸವೇನು ಎಂಬುದು ಮೊದಲು ಗೊತ್ತಿರಲಿ

ಒಂದು ಗ್ರಾಂ ಕಾರ್ಬೋಹೈಡ್ರೇಟ್ ಸುಮಾರು 4 ಕಿಲೋಕ್ಯಾಲೊರಿ, ಒಂದು ಗ್ರಾಂ ಪ್ರೋಟೀನ್ ಸುಮಾರು 4 ಕಿಲೋಕ್ಯಾಲೊರಿ, ಒಂದು ಗ್ರಾಂ ಕೊಬ್ಬು ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ಕೊಡುತ್ತದೆ. ತಿಂದ ಕಾರ್ಬೋಹೈಡ್ರೇಟ್ ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 80ರಿಂದ 100 ಗ್ರಾಂ ಸಂಗ್ರಹವಾಗುತ್ತದೆ. ಅಂದರೆ ಇಡೀ ದಾಸ್ತಾನು ಸುಮಾರು 2,000 ಕಿಲೋಕ್ಯಾಲೊರಿಯ ಆಸುಪಾಸಿನದು. ಇದಕ್ಕೆ ಹೋಲಿಸಿದರೆ ತೆಳ್ಳಗಿನ ಓಟಗಾರರ ದೇಹದಲ್ಲಿಯೂ ಕೊಬ್ಬಿನ ರೂಪದಲ್ಲಿ ಹತ್ತಾರು ಸಾವಿರ ಕಿಲೋಕ್ಯಾಲೊರಿ ಇರುತ್ತದೆ.

ಹಾಗಿದ್ದರೆ ಅಷ್ಟೊಂದು ಕೊಬ್ಬಿರುವಾಗ ಕಾರ್ಬೋಹೈಡ್ರೇಟಿಗೆ ಇಷ್ಟು ಮಹತ್ವ ಏಕೆ ಎಂಬ ಪ್ರಶ್ನೆ ಸಹಜ. ಕೊಬ್ಬು ನಿಧಾನವಾಗಿ ಉರಿಯುವ ಇಂಧನ. ವೇಗ ಹೆಚ್ಚಿದಂತೆ ಸ್ನಾಯುಗಳು ಕೇಳುವಷ್ಟು ಶಕ್ತಿಯನ್ನು ಅದು ಅದೇ ವೇಗದಲ್ಲಿ ಒದಗಿಸಲಾರದು. ಜೊತೆಗೆ ಒಂದು ಲೀಟರ್ ಆಮ್ಲಜನಕ ಬಳಸಿ ಕಾರ್ಬೋಹೈಡ್ರೇಟನ್ನು ಉರಿಸಿದಾಗ ಸುಮಾರು 5 ಕಿಲೋಕ್ಯಾಲೊರಿ ಸಿಕ್ಕರೆ, ಕೊಬ್ಬನ್ನು ಉರಿಸಿದಾಗ ಸುಮಾರು 4.7 ಸಿಗುತ್ತದೆ. ಉಸಿರಾಟದ ಸಾಮರ್ಥ್ಯವೇ ಮಿತಿಯಾಗಿರುವ ವೇಗದಲ್ಲಿ ಈ ಅಂತರ ಸಣ್ಣದಲ್ಲ. ಸ್ವೀಡನ್ನಿನ ವಿಜ್ಞಾನಿಗಳು 1967ರಲ್ಲಿ ಸ್ನಾಯುವಿನ ಚೂರುಗಳನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್ಬೋಹೈಡ್ರೇಟ್ ಸಮೃದ್ಧ ಆಹಾರ ತಿಂದಾಗ ಅದೇ ವ್ಯಕ್ತಿಗಳು ಸೈಕಲ್ ತುಳಿಯಬಲ್ಲ ಅವಧಿ, ಕಾರ್ಬೋಹೈಡ್ರೇಟ್ ತೀರ ಕಡಿಮೆ ಇದ್ದ ಆಹಾರ ತಿಂದಾಗಿನದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು.

ಪ್ರೋಟೀನಿನ ಮುಖ್ಯ ಕೆಲಸ ದುರಸ್ತಿ ಮತ್ತು ನಿರ್ಮಾಣ. ಅದು ಇಂಧನವಾಗಿ ಉರಿಯುವ ಪ್ರಮಾಣ ಸಾಮಾನ್ಯವಾಗಿ ಕಡಿಮೆ; ಆದರೆ ಒಟ್ಟು ಊಟವೇ ಕಡಿಮೆಯಾದಾಗ, ಸ್ನಾಯು ಕಟ್ಟಬೇಕಾದ ಪ್ರೋಟೀನನ್ನೇ ದೇಹ ಇಂಧನವಾಗಿ ಖರ್ಚು ಮಾಡತೊಡಗುತ್ತದೆ. ಕೊಬ್ಬು ಜೀವಕೋಶಗಳ ಪೊರೆಗೆ, ಹಾರ್ಮೋನುಗಳ ತಯಾರಿಕೆಗೆ, ಎ, ಡಿ, ಇ, ಕೆ ವಿಟಮಿನ್‌ಗಳನ್ನು ಹೀರಿಕೊಳ್ಳುವುದಕ್ಕೆ ಬೇಕೇ ಬೇಕು.

ಹೆಜ್ಜೆ 1: ಒಂದು ವಾರದ ಅಭ್ಯಾಸವನ್ನು ಬರೆದಿಟ್ಟುಕೊಳ್ಳಿ

ಬೆಳಗ್ಗೆ ಎದ್ದು ಶೌಚ ಮುಗಿಸಿದ ಮೇಲೆ, ಏನನ್ನೂ ತಿನ್ನುವ ಮೊದಲು ತೂಕ ನೋಡಿಕೊಳ್ಳಿ. ಮೂರು ನಾಲ್ಕು ದಿನಗಳ ಸರಾಸರಿ ತೆಗೆದುಕೊಂಡರೆ ನೀರಿನ ಏರುಪೇರು ಲೆಕ್ಕವನ್ನು ಕೆಡಿಸುವುದಿಲ್ಲ. ಅನಂತರ ವಾರದ ಏಳೂ ದಿನಗಳನ್ನು ಬರೆದು, ಪ್ರತಿ ದಿನದ ಮುಂದೆ ಅಭ್ಯಾಸದ ಅವಧಿ ಮತ್ತು ತೀವ್ರತೆಯನ್ನು ಗುರುತಿಸಿ, ಆ ದಿನ ವಿಶ್ರಾಂತಿಯದೋ, ಹಗುರವಾದದ್ದೋ, ಮಧ್ಯಮದ್ದೋ, ಕಠಿಣವಾದದ್ದೋ ಎಂದು ವಿಂಗಡಿಸಿ. ತರಬೇತುದಾರರ ವೇಳಾಪಟ್ಟಿ ಕೈಯಲ್ಲಿದ್ದರೆ ಕೆಲಸ ಇನ್ನೂ ಸುಲಭ. ಮೈದಾನದಲ್ಲಿ ಕಳೆದ ಒಟ್ಟು ಸಮಯವನ್ನೇ ಬರೆದುಕೊಳ್ಳಬಾರದು. ದೇಹ ನಿಜವಾಗಿ ದುಡಿದ ಸಮಯ ಮಾತ್ರ ಲೆಕ್ಕಕ್ಕೆ ಬರಬೇಕು. ಮೂರು ಗಂಟೆಯ ಜಿಗಿತದ ಅಭ್ಯಾಸಕ್ಕೂ ಮೂರು ಗಂಟೆಯ ಸೈಕಲ್ ಸವಾರಿಗೂ ಬೇಕಾಗುವ ಇಂಧನದಲ್ಲಿ ಬಹಳ ವ್ಯತ್ಯಾಸವಿದೆ.

ಹೆಜ್ಜೆ 2: ಪ್ರೋಟೀನನ್ನು ನಿಗದಿ ಮಾಡಿ

ವಿಶೇಷ ವ್ಯಾಯಾಮ ಮಾಡದ ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಎಂಬ ಲೆಕ್ಕವಿದೆ. ಕ್ರೀಡಾಪಟುಗಳಿಗೆ ಅದು ಸಾಲದು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹಾಗೂ ಅಮೆರಿಕ ಮತ್ತು ಕೆನಡಾಗಳ ಆಹಾರತಜ್ಞರ ಸಂಘಗಳು 2016ರಲ್ಲಿ ಜಂಟಿಯಾಗಿ ಪ್ರಕಟಿಸಿದ ಶಿಫಾರಸಿನಲ್ಲಿ ಈ ಪ್ರಮಾಣ 1.2ರಿಂದ 2.0 ಗ್ರಾಂ. ಹೆಚ್ಚಿನವರಿಗೆ 1.6 ಗ್ರಾಂ ಒಳ್ಳೆಯ ಆರಂಭದ ಅಂಕಿ ಎಂಬುದು ನನ್ನ ಅಭಿಪ್ರಾಯ. ತೂಕ ಇಳಿಸುತ್ತಿರುವವರು, ಹೊಸದಾಗಿ ಭಾರದ ತರಬೇತಿ ಆರಂಭಿಸಿದವರು ಮತ್ತು ಸಸ್ಯಾಹಾರವನ್ನೇ ನೆಚ್ಚಿದವರು 1.8ರಿಂದ 2.0ರತ್ತ ಸರಿಯಬಹುದು.

ಒಟ್ಟು ಪ್ರಮಾಣದಷ್ಟೇ ಮುಖ್ಯವಾದದ್ದು ಹಂಚಿಕೆ. ಸ್ನಾಯುಗಳಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಪ್ರತಿ ಊಟದ ನಂತರ ಕೆಲವು ಗಂಟೆ ಚುರುಕಾಗಿ, ಮತ್ತೆ ಇಳಿಯುತ್ತದೆ. ಬೆಳಗ್ಗೆ ಹತ್ತು ಗ್ರಾಂ ತಿಂದು ರಾತ್ರಿ ಎಪ್ಪತ್ತು ಗ್ರಾಂ ತಿನ್ನುವುದಕ್ಕಿಂತ, ಮೂರರಿಂದ ಐದು ಗಂಟೆಗೊಮ್ಮೆ ಪ್ರತಿ ಕಿಲೋ ದೇಹತೂಕಕ್ಕೆ 0.3ರಿಂದ 0.4 ಗ್ರಾಂನಂತೆ ತಿನ್ನುವುದು ಹೆಚ್ಚು ಫಲಕಾರಿ. 60 ಕಿಲೋ ತೂಕದವರಿಗೆ ಒಂದು ಹೊತ್ತಿಗೆ ಸುಮಾರು 18ರಿಂದ 24 ಗ್ರಾಂ ಆಯಿತು. ಸಸ್ಯಮೂಲದ ಹಲವು ಪ್ರೋಟೀನ್‌ಗಳಲ್ಲಿ, ಸ್ನಾಯು ಕಟ್ಟುವ ಈ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಕಡಿಮೆ ಇರುವುದರಿಂದ, ಬೇಳೆಕಾಳುಗಳನ್ನು ಧಾನ್ಯದ ಜೊತೆ ಸೇರಿಸಿ ತಿನ್ನುವುದು, ಸೋಯಾ ಅಥವಾ ಹಾಲಿನ ಪದಾರ್ಥಗಳನ್ನು ಬಳಸುವುದು, ಹೊತ್ತಿನ ಪ್ರಮಾಣವನ್ನು ತುಸು ಹೆಚ್ಚಿಸುವುದು ಒಳ್ಳೆಯದು.

ಪ್ರೋಟೀನ್ ಪುಡಿಯ ವಿಷಯದಲ್ಲಿ ಒಂದು ಮಾತು. ಈ ಪ್ರಮಾಣವನ್ನೆಲ್ಲ ಸಾಮಾನ್ಯ ಆಹಾರದಿಂದಲೇ ತುಂಬಿಕೊಳ್ಳಬಹುದು. ಪುಡಿ ಬೇಕೇ ಬೇಕೆಂದರೆ, ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷೆಯಾದದ್ದನ್ನೇ ಆರಿಸಿ. ಏಕೆಂದರೆ ಉದ್ದೀಪನ ಮದ್ದು ತಡೆ ನಿಯಮಗಳ ಪ್ರಕಾರ, ನಿಷೇಧಿತ ವಸ್ತು ದೇಹದೊಳಗೆ ಹೇಗೆ ಬಂದರೂ ಹೊಣೆ ಕ್ರೀಡಾಪಟುವಿನದೇ.

ಹೆಜ್ಜೆ 3: ಕಾರ್ಬೋಹೈಡ್ರೇಟನ್ನು ದಿನಕ್ಕೆ ತಕ್ಕಂತೆ ಏರಿಳಿಸಿ

ಎಲ್ಲ ಹೆಜ್ಜೆಗಳಲ್ಲಿ ಹೆಚ್ಚು ಗಮನ ಬೇಡುವುದು ಇದೇ. ಅದೇ 2016ರ ಶಿಫಾರಸಿನ ಪ್ರಕಾರ, ಪ್ರತಿ ಕಿಲೋ ದೇಹತೂಕಕ್ಕೆ ಬೇಕಾಗುವ ಪ್ರಮಾಣ ಹೀಗಿದೆ:

- ಹಗುರವಾದ ಅಥವಾ ಕೌಶಲಕ್ಕೆ ಸೀಮಿತವಾದ ಅಭ್ಯಾಸದ ದಿನ: 3ರಿಂದ 5 ಗ್ರಾಂ
- ಸುಮಾರು ಒಂದು ಗಂಟೆಯ ಮಧ್ಯಮ ತೀವ್ರತೆಯ ಅಭ್ಯಾಸ: 5ರಿಂದ 7 ಗ್ರಾಂ
- ಒಂದರಿಂದ ಮೂರು ಗಂಟೆಯ ಮಧ್ಯಮದಿಂದ ಕಠಿಣ ಅಭ್ಯಾಸ: 6ರಿಂದ 10 ಗ್ರಾಂ
- ನಾಲ್ಕೈದು ಗಂಟೆ ಮೀರುವ ದಿನಗಳು: 8ರಿಂದ 12 ಗ್ರಾಂ

ಶ್ರೇಣಿಗಳು ಇಷ್ಟು ಅಗಲವಾಗಿರುವುದನ್ನು ನೋಡಿ ಗೊಂದಲಪಡಬೇಕಾಗಿಲ್ಲ. ಮೊದಲು ಶ್ರೇಣಿಯ ನಡುವಿನ ಅಂಕಿಯಿಂದ ಆರಂಭಿಸಿ, ಎರಡು ವಾರ ಗಮನಿಸಿ, ಆಮೇಲೆ ಮೇಲಕ್ಕೋ ಕೆಳಕ್ಕೋ ಸರಿಸಿ. ಈ ಪಟ್ಟಿಯನ್ನು ಬಳಸುವಾಗ ನಾಳೆಯ ಅಭ್ಯಾಸವನ್ನೂ ನೋಡಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಇಂದು ವಿಶ್ರಾಂತಿಯಿದ್ದು ನಾಳೆ ಬೆಳಗ್ಗೆಯೇ ದೀರ್ಘ ಓಟವಿದ್ದರೆ, ಇಂದಿನ ರಾತ್ರಿಯ ಊಟದಲ್ಲಿ ಕಾರ್ಬೋಹೈಡ್ರೇಟ್ ಹೆಚ್ಚಬೇಕು. ಇಂದು ದಣಿದ ಸ್ನಾಯುಗಳ ಗ್ಲೈಕೋಜನ್ ಪೂರ್ತಿ ತುಂಬಲು ಸುಮಾರು 24 ಗಂಟೆ ಹಿಡಿಯುತ್ತದೆ, ಅದೂ ಸಾಕಷ್ಟು ತಿಂದಾಗ ಮಾತ್ರ.

ಕಾರ್ಬೋಹೈಡ್ರೇಟನ್ನು ತೀರ ಕಡಿಮೆ ಮಾಡಿ ಕೊಬ್ಬನ್ನೇ ಇಂಧನವಾಗಿಸಿಕೊಳ್ಳುವ ಪದ್ಧತಿಯ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಆಸ್ಟ್ರೇಲಿಯಾದ ಕ್ರೀಡಾ ಆಹಾರತಜ್ಞೆ ಲೂಯಿಸ್ ಬರ್ಕ್ ಅವರ ನೇತೃತ್ವದಲ್ಲಿ ಅಗ್ರ ಶ್ರೇಣಿಯ ನಡಿಗೆ ಸ್ಪರ್ಧಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಉಪಯುಕ್ತ. ಮೂರು ವಾರ ಇಂತಹ ಆಹಾರ ತಿಂದವರ ದೇಹ ಕೊಬ್ಬನ್ನು ಉರಿಸುವುದನ್ನು ನಿಜವಾಗಿಯೂ ಚೆನ್ನಾಗಿ ಕಲಿಯಿತು. ಆದರೆ ಸ್ಪರ್ಧೆಯ ವೇಗದಲ್ಲಿ ನಡೆಯಲು ಅವರಿಗೆ ಹೆಚ್ಚು ಆಮ್ಲಜನಕ ಬೇಕಾಯಿತು, ಮತ್ತು ಕಾರ್ಬೋಹೈಡ್ರೇಟ್ ತಿಂದು ಅದೇ ತರಬೇತಿ ಪಡೆದವರ ಸಮಯ ಸುಧಾರಿಸಿದಂತೆ ಇವರದು ಸುಧಾರಿಸಲಿಲ್ಲ. ವೇಗ ಬೇಕಾದ ಯಾವ ಕ್ರೀಡೆಯವರಿಗೂ ಈ ಪದ್ಧತಿಯನ್ನು ನಾನು ಸೂಚಿಸುವುದಿಲ್ಲ.

ಹೆಜ್ಜೆ 4: ಕೊಬ್ಬಿಗೆ ಕನಿಷ್ಠ ಮಿತಿ ಹಾಕಿ

ಒಟ್ಟು ಶಕ್ತಿಯ ಶೇ 20ರಿಂದ 35ರಷ್ಟು ಕೊಬ್ಬಿನಿಂದ ಬರಲಿ. ದೀರ್ಘಕಾಲ ಶೇ 20ಕ್ಕಿಂತ ಕೆಳಗಿಳಿಯುವುದು ಬೇಡ. ಗ್ರಾಂ ಲೆಕ್ಕದಲ್ಲಿ ಪ್ರತಿ ಕಿಲೋಗೆ ಸುಮಾರು 1 ಗ್ರಾಂನಿಂದ ಆರಂಭಿಸುವುದು ಅನುಕೂಲ. ಹೆಚ್ಚಿನ ಪಾಲು ಬೀಜಗಳು, ಕಡಲೆಕಾಯಿ, ಮೀನು, ಸಸ್ಯಜನ್ಯ ಎಣ್ಣೆಗಳಿಂದ ಬಂದರೆ ಒಮೆಗಾ-3 ಮತ್ತು ಒಮೆಗಾ-6 ಕೊಬ್ಬಿನಾಮ್ಲಗಳೂ ಜೊತೆಗೇ ಸಿಗುತ್ತವೆ.

ಹೆಜ್ಜೆ 5: ಒಟ್ಟು ಶಕ್ತಿ ಸಾಕೇ ಎಂದು ಪರೀಕ್ಷಿಸಿ

ಮೂರನ್ನೂ ಹೊಂದಿಸಿದ ಮಾತ್ರಕ್ಕೆ ಒಟ್ಟು ಊಟ ಸಾಕಾಗಿದೆ ಎಂದು ಹೇಳಲಾಗದು. ವ್ಯಾಯಾಮಕ್ಕೆ ಖರ್ಚಾದ ಶಕ್ತಿಯನ್ನು ಕಳೆದ ಮೇಲೆ ಹೃದಯ, ಮೂಳೆ, ಹಾರ್ಮೋನು, ರೋಗನಿರೋಧಕ ವ್ಯವಸ್ಥೆಗಳಿಗೆ ಉಳಿಯುವ ಶಕ್ತಿ ಎಷ್ಟು ಎಂಬುದನ್ನು ನೋಡಬೇಕು. ಈ ಉಳಿಕೆಯನ್ನು ಕೊಬ್ಬುರಹಿತ ದೇಹತೂಕದ ಪ್ರತಿ ಕಿಲೋಗೆ ಲೆಕ್ಕ ಹಾಕುತ್ತಾರೆ. ಅದು 45 ಕಿಲೋಕ್ಯಾಲೊರಿಯ ಆಸುಪಾಸಿನಲ್ಲಿದ್ದರೆ ನೆಮ್ಮದಿ; 30ಕ್ಕಿಂತ ಕೆಳಗೆ ದಿನಗಟ್ಟಲೆ ಉಳಿದರೆ ಅಪಾಯ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಸಾಪೇಕ್ಷ ಕೊರತೆ) ಎಂದು ಹೆಸರಿಸಿದ ಸ್ಥಿತಿಯ ಮೂಲ ಈ ಕೊರತೆಯೇ. ಅದು ಪುರುಷರು, ಮಹಿಳೆಯರು ಇಬ್ಬರನ್ನೂ ಬಾಧಿಸುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. 60 ಕಿಲೋ ತೂಕದ ಓಟಗಾರ್ತಿಯೊಬ್ಬರ ದೇಹದಲ್ಲಿ ಶೇ 20 ಕೊಬ್ಬಿದೆ ಎಂದಿಟ್ಟುಕೊಂಡರೆ, ಕೊಬ್ಬುರಹಿತ ತೂಕ 48 ಕಿಲೋ. ಪ್ರೋಟೀನ್ ಪ್ರತಿ ಕಿಲೋಗೆ 1.6ರಂತೆ 96 ಗ್ರಾಂ, ಅಂದರೆ 384 ಕಿಲೋಕ್ಯಾಲೊರಿ. ಕೊಬ್ಬು 1.1ರಂತೆ 66 ಗ್ರಾಂ, ಅಂದರೆ 594. ಕಠಿಣ ದಿನ ಕಾರ್ಬೋಹೈಡ್ರೇಟ್ 7ರಂತೆ 420 ಗ್ರಾಂ, ಅಂದರೆ 1,680. ವಿಶ್ರಾಂತಿಯ ದಿನ 4ರಂತೆ 240 ಗ್ರಾಂ, ಅಂದರೆ 960. ಕೂಡಿದರೆ ಕಠಿಣ ದಿನಕ್ಕೆ 2,658, ವಿಶ್ರಾಂತಿಯ ದಿನಕ್ಕೆ 1,938 ಕಿಲೋಕ್ಯಾಲೊರಿ. ಶೇಕಡಾವಾರು ನೋಡಿದರೆ ಕಾರ್ಬೋಹೈಡ್ರೇಟ್ ಮೊದಲನೆಯದರಲ್ಲಿ ಸುಮಾರು ಶೇ 63, ಎರಡನೆಯದರಲ್ಲಿ ಸುಮಾರು ಶೇ 50. ಒಬ್ಬರೇ ವ್ಯಕ್ತಿಗೆ ಎರಡೂ ಸರಿಯೇ ಆಗಿರುವಾಗ ಒಂದೇ ಶೇಕಡಾವಾರು ಸೂತ್ರವನ್ನು ವಾರವಿಡೀ ಹೇರುವುದು ಹೇಗೆ?

ಈಗ ಪರೀಕ್ಷೆ. ಓಟಕ್ಕೆ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಕಠಿಣ ದಿನ ಒಟ್ಟು 10 ಕಿಲೋಮೀಟರ್ ಓಡಿದರೆ ಸುಮಾರು 600. 2,658ರಲ್ಲಿ 600 ಕಳೆದು 48ರಿಂದ ಭಾಗಿಸಿದರೆ ಸುಮಾರು 43 ಬರುತ್ತದೆ. ವಿಶ್ರಾಂತಿಯ ದಿನದ 1,938ನ್ನು 48ರಿಂದ ಭಾಗಿಸಿದರೆ ಸುಮಾರು 40. ಎರಡೂ ಅಪಾಯದ ಮಟ್ಟದಲ್ಲಿಲ್ಲ. ಆದರೂ ವಿಶ್ರಾಂತಿಯ ದಿನವೇ ಹೆಚ್ಚು ಕೊರತೆಯಾಗಿರುವುದನ್ನು ಗಮನಿಸಿ. ‘ಇಂದು ಓಡಿಲ್ಲ, ಹಾಗಾಗಿ ತಿನ್ನಬಾರದು’ ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ದುರಸ್ತಿಯ ಕೆಲಸ ನಡೆಯುವ ದಿನವೇ ಸಾಮಗ್ರಿ ಕಡಿಮೆಯಾಗುವುದು ಹೀಗೆ. 45ಕ್ಕೆ ಮುಟ್ಟಿಸಲು ಕಠಿಣ ದಿನ ಕಾರ್ಬೋಹೈಡ್ರೇಟನ್ನು 445 ಗ್ರಾಂಗೆ ಏರಿಸಿದರೆ ಸಾಕು. ವಿಶ್ರಾಂತಿಯ ದಿನ ಕಾರ್ಬೋಹೈಡ್ರೇಟನ್ನು 275 ಗ್ರಾಂಗೆ, ಕೊಬ್ಬನ್ನು 75 ಗ್ರಾಂಗೆ ಏರಿಸಿದರೆ ಒಟ್ಟು 2,159 ಕಿಲೋಕ್ಯಾಲೊರಿಯಾಗಿ ಲೆಕ್ಕ ಸರಿಹೋಗುತ್ತದೆ.

ಹೆಜ್ಜೆ 6: ಅಭ್ಯಾಸದ ಸುತ್ತ ಹೊತ್ತು ಹೊಂದಿಸಿ

ಅಭ್ಯಾಸಕ್ಕೆ ಒಂದರಿಂದ ನಾಲ್ಕು ಗಂಟೆ ಮೊದಲು, ಪ್ರತಿ ಕಿಲೋಗೆ 1ರಿಂದ 4 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಬೇಕು. ಎಷ್ಟು ಗಂಟೆ ಮೊದಲೋ ಸುಮಾರು ಅಷ್ಟು ಗ್ರಾಂ ಎಂದು ನೆನಪಿಟ್ಟುಕೊಳ್ಳಬಹುದು. ಕೊಬ್ಬು ಮತ್ತು ನಾರಿನಂಶ ಹೊಟ್ಟೆಯಿಂದ ನಿಧಾನವಾಗಿ ಇಳಿಯುವುದರಿಂದ, ಇವನ್ನು ಅಭ್ಯಾಸದಿಂದ ದೂರದ ಊಟಗಳಿಗೆ ಸರಿಸಿ.

ಒಂದು ಗಂಟೆಯೊಳಗಿನ ಅಭ್ಯಾಸದ ನಡುವೆ ಏನನ್ನೂ ತಿನ್ನುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದರಿಂದ ಎರಡೂವರೆ ಗಂಟೆಯದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅದಕ್ಕೂ ದೀರ್ಘವಾದಾಗ ಗಂಟೆಗೆ 90 ಗ್ರಾಂವರೆಗೆ ಹೋಗಬಹುದು, ಆದರೆ ಗ್ಲೂಕೋಸ್ ಒಂದರಿಂದಲೇ ಅದು ಸಾಧ್ಯವಿಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನು ಒಳಗೆಳೆದುಕೊಳ್ಳುವ ಮಾರ್ಗ ಗಂಟೆಗೆ ಸುಮಾರು 60 ಗ್ರಾಂಗೆ ಭರ್ತಿಯಾಗುತ್ತದೆ. ಫ್ರಕ್ಟೋಸಿಗೆ ಬೇರೆಯದೇ ಮಾರ್ಗವಿರುವುದರಿಂದ, ಎರಡನ್ನೂ ಬೆರೆಸಿದಾಗ ಮಾತ್ರ ಹೆಚ್ಚಿನ ಪ್ರಮಾಣ ರಕ್ತ ಸೇರುತ್ತದೆ. ಕರುಳಿಗೂ ತರಬೇತಿ ಬೇಕು. ಗಂಟೆಗೆ 30 ಗ್ರಾಂನಿಂದ ಆರಂಭಿಸಿ, ವಾರಗಳು ಕಳೆದಂತೆ ದೀರ್ಘ ಅಭ್ಯಾಸಗಳಲ್ಲಿ ಏರಿಸುತ್ತ ಬನ್ನಿ; ಹೊಸ ಪ್ರಮಾಣವನ್ನು ಸ್ಪರ್ಧೆಯ ದಿನ ಮೊದಲ ಬಾರಿ ಪ್ರಯತ್ನಿಸಬೇಡಿ.

ಅಭ್ಯಾಸ ಮುಗಿದ ಮೇಲೆ ಎಷ್ಟು ಆತುರ ಬೇಕು ಎಂಬುದನ್ನು ಮುಂದಿನ ಅಭ್ಯಾಸ ನಿರ್ಧರಿಸುತ್ತದೆ. ಎಂಟು ಗಂಟೆಯೊಳಗೆ ಮತ್ತೆ ಮೈದಾನಕ್ಕಿಳಿಯಬೇಕಿದ್ದರೆ, ಮೊದಲ ನಾಲ್ಕು ಗಂಟೆ ಪ್ರತಿ ಗಂಟೆಗೂ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಿ. ಮುಂದಿನ ಅಭ್ಯಾಸ ನಾಳೆಯಾದರೆ ಅಷ್ಟು ಅವಸರವಿಲ್ಲ. ದಿನದ ಒಟ್ಟು ಪ್ರಮಾಣ ತುಂಬಿದರೆ ಸಾಕು.

ಹೆಜ್ಜೆ 7: ಅಂಕಿಗಳನ್ನು ತಟ್ಟೆಗೆ ತನ್ನಿ

ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ತಪ್ಪುವವರೇ ಹೆಚ್ಚು, ಮತ್ತು ತಪ್ಪು ಬಹುತೇಕ ಒಂದೇ: ಹಸಿ ತೂಕವನ್ನೂ ಬೇಯಿಸಿದ ತೂಕವನ್ನೂ ಬೆರೆಸುವುದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನೀರು ಕುಡಿದು ಬೆಂದ 100 ಗ್ರಾಂ ಅನ್ನದಲ್ಲಿ ಇರುವುದು ಸುಮಾರು 28 ಗ್ರಾಂ. ಪೊಟ್ಟಣದ ಮೇಲಿನ ಅಂಕಿ ನೋಡಿ ಅನ್ನ ತೂಗಿದವರು ತಾವು ತಿಂದದ್ದು ನಿಜಕ್ಕಿಂತ ಮೂರು ಪಟ್ಟು ಎಂದು ಭಾವಿಸಿ, ಅರೆಹೊಟ್ಟೆಯಲ್ಲೇ ಅಭ್ಯಾಸ ಮಾಡುತ್ತಿರುತ್ತಾರೆ.

ಅಂದಾಜಿಗೆ ಇಷ್ಟು ನೆನಪಿರಲಿ: ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 27 ಗ್ರಾಂ, ಬೇಯಿಸಿದ 100 ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 7 ಗ್ರಾಂ, ಬೇಯಿಸಿದ 100 ಗ್ರಾಂ ಬೇಳೆಯಲ್ಲಿ ಸುಮಾರು 9 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿಯ ಎದೆಮಾಂಸದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 14 ಗ್ರಾಂ ಕೊಬ್ಬು. ಮೇಲಿನ ಉದಾಹರಣೆಯ ಓಟಗಾರ್ತಿ ಅಭ್ಯಾಸ ಮುಗಿಸಿ 250 ಗ್ರಾಂ ಅನ್ನ, ಎರಡು ಮೊಟ್ಟೆ, ಒಂದು ಲೋಟ ಹಾಲು ತೆಗೆದುಕೊಂಡರೆ, ಅನ್ನದ ಪ್ರೋಟೀನೂ ಸೇರಿ ಸುಮಾರು 25 ಗ್ರಾಂ ಪ್ರೋಟೀನ್, ಸುಮಾರು 80 ಗ್ರಾಂ ಕಾರ್ಬೋಹೈಡ್ರೇಟ್ ದೊರೆಯುತ್ತದೆ. ಇಂತಹ ನಾಲ್ಕೈದು ಊಟಗಳನ್ನು ಒಮ್ಮೆ ತೂಗಿ ನೋಡಿದ ಮೇಲೆ ಕಣ್ಣಳತೆಯೇ ಸಾಕು. ಜೀವನವಿಡೀ ತಕ್ಕಡಿ ಹಿಡಿದು ಕೂರುವುದು ಮನಸ್ಸಿಗೆ ಒಳ್ಳೆಯದಲ್ಲ.

ಸ್ಪರ್ಧೆ ಹತ್ತಿರವಾದಾಗ

ಮ್ಯಾರಥಾನ್‌ನಂತಹ, 90 ನಿಮಿಷ ಮೀರುವ ಸ್ಪರ್ಧೆಗಳಿಗೆ ಮೊದಲಿನ 36ರಿಂದ 48 ಗಂಟೆಗಳ ಕಾಲ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 12 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುವ ಪದ್ಧತಿಯಿದೆ. 60 ಕಿಲೋದವರಿಗೆ ಅದು 600ರಿಂದ 720 ಗ್ರಾಂ. ಇಷ್ಟು ತಿನ್ನಬೇಕಾದರೆ ಆ ಎರಡು ದಿನ ಕೊಬ್ಬನ್ನೂ ನಾರಿನಂಶವನ್ನೂ ಇಳಿಸಿ, ಸಲೀಸಾಗಿ ಜೀರ್ಣವಾಗುವ ಅನ್ನ, ಬ್ರೆಡ್, ಹಣ್ಣಿನ ರಸಗಳನ್ನು ಆಶ್ರಯಿಸಬೇಕಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸಂಗ್ರಹವಾಗುವುದರಿಂದ ತೂಕ ಒಂದೆರಡು ಕಿಲೋ ಏರಬಹುದು. ಅದು ಕೊಬ್ಬಲ್ಲ, ಗಾಬರಿಯಾಗಿ ಊಟ ಬಿಟ್ಟರೆ ಮಾಡಿದ ಸಿದ್ಧತೆಯೆಲ್ಲ ವ್ಯರ್ಥ.

ಗಮನಿಸಿ, ತಿದ್ದಿಕೊಳ್ಳಿ

ಎರಡು ವಾರಗಳ ನಂತರ ತೂಕ, ನಿದ್ರೆ, ಕಠಿಣ ಅಭ್ಯಾಸದ ಕೊನೆಯ ಭಾಗದಲ್ಲಿನ ವೇಗ, ಹಸಿವು ಇವುಗಳನ್ನು ಒಟ್ಟಿಗೆ ನೋಡಿ. ಅಭ್ಯಾಸದ ಕೊನೆಯಲ್ಲಿ ಕಾಲು ಬರಿದಾದಂತೆ ಎನಿಸಿದರೆ ಮೊದಲು ಕಾರ್ಬೋಹೈಡ್ರೇಟನ್ನು ಪ್ರತಿ ಕಿಲೋಗೆ 1 ಗ್ರಾಂನಷ್ಟು ಏರಿಸಿ. ಸ್ನಾಯುನೋವು ದಿನಗಟ್ಟಲೆ ಉಳಿದರೆ ಪ್ರೋಟೀನಿನ ಹಂಚಿಕೆಯನ್ನೂ ಒಟ್ಟು ಶಕ್ತಿಯನ್ನೂ ಪರೀಕ್ಷಿಸಿ. ಮುಟ್ಟು ನಿಲ್ಲುವುದು ಅಥವಾ ಏರುಪೇರಾಗುವುದು, ಮೂಳೆಯಲ್ಲಿ ಪದೇ ಪದೇ ಬಿರುಕು, ಆಗಾಗ ಕಾಯಿಲೆ, ಪುರುಷರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು ಕಾಣಿಸಿದರೆ ಸ್ವಂತ ಲೆಕ್ಕವನ್ನು ಬದಿಗಿಟ್ಟು ಕ್ರೀಡಾ ವೈದ್ಯರನ್ನು ಕೂಡಲೇ ಕಾಣಬೇಕು.

ತೂಕ ಇಳಿಸಬೇಕಾದವರು ಸ್ಪರ್ಧೆಯ ಋತುವಿನಲ್ಲಿ ಆ ಕೆಲಸಕ್ಕೆ ಕೈಹಾಕದೆ, ಸಿದ್ಧತೆಯ ಆರಂಭದ ತಿಂಗಳುಗಳಲ್ಲಿ ದಿನಕ್ಕೆ 300ರಿಂದ 500 ಕಿಲೋಕ್ಯಾಲೊರಿ ಮಾತ್ರ ಕಡಿಮೆ ಮಾಡಿ, ಪ್ರೋಟೀನನ್ನು 2 ಗ್ರಾಂವರೆಗೆ ಏರಿಸಿ, ಕಡಿತವನ್ನು ಹಗುರ ದಿನಗಳ ಕಾರ್ಬೋಹೈಡ್ರೇಟ್ ಮತ್ತು ಕೊಬ್ಬಿನಿಂದ ಮಾಡಲಿ. ಕಠಿಣ ದಿನದ ಇಂಧನವನ್ನು ಮುಟ್ಟುವುದು ಬೇಡ.

ಗಾಯಗೊಂಡು ಅಭ್ಯಾಸ ನಿಲ್ಲಿಸಿದವರು ಸಾಮಾನ್ಯವಾಗಿ ಊಟವನ್ನೂ ದಿಢೀರನೆ ಅರ್ಧಕ್ಕಿಳಿಸುತ್ತಾರೆ. ಗಾಯ ವಾಸಿಯಾಗುವುದಕ್ಕೂ ಶಕ್ತಿ ಬೇಕು, ಊರುಗೋಲು ಹಿಡಿದು ನಡೆಯುವುದಕ್ಕಂತೂ ಸಾಮಾನ್ಯ ನಡಿಗೆಗಿಂತ ಹೆಚ್ಚು ಶಕ್ತಿ ಬೇಕು. ಈ ಅವಧಿಯಲ್ಲಿ ಪ್ರೋಟೀನನ್ನು 1.6ರಿಂದ 2.0 ಗ್ರಾಂನಲ್ಲಿ ಕಾಯ್ದುಕೊಂಡು, ಕಾರ್ಬೋಹೈಡ್ರೇಟನ್ನು 3ರಿಂದ 4 ಗ್ರಾಂಗೆ ಇಳಿಸಿ, ಕೊಬ್ಬನ್ನು ಇದ್ದಲ್ಲೇ ಬಿಡಿ. ಅಭ್ಯಾಸ ಮತ್ತೆ ಆರಂಭವಾದ ವಾರ ಹೊಸ ತೂಕ ಹಿಡಿದು ಮೊದಲ ಹೆಜ್ಜೆಯಿಂದ ಲೆಕ್ಕವನ್ನು ಮರಳಿ ಹಾಕಿ.